4.7 ಕೆ, 10 ನ್ಯಾನೋಫ್ಯಾರಡ್ ಮತ್ತು ಭಾಗವತರ ದನಿ

ಅಪ್ಪಯ್ಯನ ಯಕ್ಷಗಾನದ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಟ್ಟ ಮೇಲೆ ಸ್ಪೀಕರಿನ ದನಿ ಸರಿಮಾಡುವ ಈ ಹುಚ್ಚು ಹಿಡಿಯಿತು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿದ್ದ ಹಳೇ ಸ್ಪೀಕರಿನಲ್ಲಿ ಭಾಗವತರು ಎರಡು ತುಂಡಾಗಿ ಕೇಳುತ್ತಿದ್ದರು. ಪದ್ಯ ಕೆಳಗಿನ ವೂಫರಿನಿಂದ, 'ಸ'ಕಾರ ಮತ್ತು ತಾಳದ ಕಿಣಿಕಿಣಿ ಮೇಲಿನ ಟ್ವೀಟರಿನಿಂದ. ನಡುವೆ ಒಂದು ತೂತು.

ಬಿಚ್ಚಿ ನೋಡಿದರೆ, ತಗ್ಗು ದನಿಯನ್ನು ವೂಫರಿಗೂ ಎತ್ತರದ ದನಿಯನ್ನು ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಅಂತ ಇದ್ದದ್ದು ಟ್ವೀಟರಿಗೆ ಸಿಕ್ಕಿಸಿದ ಒಂದೇ ಕೆಪಾಸಿಟರ್. ಆಂಪ್ಲಿಫೈಯರ್ ದಾಟಿದ ಮೇಲೆ ದನಿ ಹಂಚುವ ಒಳ್ಳೆಯ ಪ್ಯಾಸಿವ್ ಕ್ರಾಸ್‌ಓವರ್ ಮಾಡೋಣವೆಂದರೆ ದಪ್ಪ ತಂತಿಯ ಕಾಯಿಲ್ ಸುತ್ತಬೇಕು. ಸುತ್ತಿದರೂ, ಸ್ಪೀಕರಿನ 8 ಓಂ ಅನ್ನುವುದು ಬರೀ ಹೆಸರಿಗೆ. ಫ್ರೀಕ್ವೆನ್ಸಿ ಬದಲಾದಂತೆ ಅದೂ ಏರಿಳಿದು ನಮ್ಮ ಲೆಕ್ಕ ಕೆಡಿಸುತ್ತದೆ. ಆಕ್ಟಿವ್‌ನಲ್ಲಿ ಸಿಗ್ನಲ್ ಸಣ್ಣದಿರುವಾಗಲೇ ಆಪ್-ಆಂಪ್ ಅನ್ನುವ ಸಣ್ಣ ಐಸಿಯಲ್ಲಿ ಎರಡು ಪಾಲು ಮಾಡಿ, ಒಂದೊಂದು ಪಾಲಿಗೂ ಒಂದೊಂದು ಆಂಪ್ಲಿಫೈಯರ್ ಕೊಡುತ್ತೇವೆ. ಎಡಕ್ಕೆರಡು, ಬಲಕ್ಕೆರಡು, ಒಟ್ಟು ನಾಲ್ಕು.

ನಾನು ಹಿಡಿದದ್ದು ಲಿಂಕ್‌ವಿಟ್ಸ್-ರೈಲಿ ಫಿಲ್ಟರ್, ಆಕ್ಟೇವ್‌ಗೆ, ಅಂದರೆ ಫ್ರೀಕ್ವೆನ್ಸಿಯ ಒಂದೊಂದು ಇಮ್ಮಡಿಗೆ, 24 ಡೆಸಿಬೆಲ್ ಇಳಿಯುವಂಥದ್ದು. ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಪ್ರಕಟಿಸಿದ ಲೆಕ್ಕ ಅದು. ದಾಟುವ ಜಾಗದಲ್ಲಿ ಎರಡೂ ಪಾಲು 6 ಡೆಸಿಬೆಲ್ ತಗ್ಗಿರುತ್ತವೆ, ಫೇಸ್ (ಅಲೆ ಏರಿಳಿಯುವ ಹೊತ್ತು) ಒಂದೇ ಇರುತ್ತದೆ, ಕೂಡಿದರೆ ಸಮತಟ್ಟು. ನನಗೆ ಹಿಡಿಸಿದ್ದು ಅದರ ಜುಗ್ಗತನ. ತಗ್ಗು ದನಿಯನ್ನಷ್ಟೇ ದಾಟಿಸುವ ಲೋ ಪಾಸ್‌ನ ಫೀಡ್‌ಬ್ಯಾಕ್ ಕೆಪಾಸಿಟರ್ ಇಮ್ಮಡಿ ಬೇಕೆಂದರೆ 10 ನ್ಯಾನೋಫ್ಯಾರಡ್‌ನವು ಎರಡನ್ನು ಪ್ಯಾರಲೆಲ್ ಹಾಕು. ಎತ್ತರದ ದನಿಯನ್ನಷ್ಟೇ ದಾಟಿಸುವ ಹೈ ಪಾಸ್‌ನಲ್ಲಿ ಗ್ರೌಂಡಿಗೆ ಹೋಗುವ ರೆಸಿಸ್ಟರ್ ಇಮ್ಮಡಿ ಬೇಕೆಂದರೆ 4.7 ಕೆ (ಕಿಲೋ ಓಂ) ಎರಡನ್ನು ಸೀರೀಸ್ ಹಾಕು. ಒಂದು ಚಾನೆಲ್ಲಿಗೆ ಹತ್ತು ರೆಸಿಸ್ಟರ್, ಹತ್ತು ಕೆಪಾಸಿಟರ್, ರೆಸಿಸ್ಟರೆಲ್ಲ 4.7 ಕೆ, ಕೆಪಾಸಿಟರೆಲ್ಲ 10 ನ್ಯಾನೋಫ್ಯಾರಡ್. ದನಿ ಸುಮಾರು 2,400 ಹರ್ಟ್ಸ್‌ನಲ್ಲಿ ಸೀಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ನೂರು ನೂರು ತಂದು, ಮೀಟರಿನಲ್ಲಿ ಅಳೆದು, ಹತ್ತಿರ ಹತ್ತಿರ ಇದ್ದವನ್ನು ಆರಿಸಿಕೊಂಡೆ. ಆಪ್-ಆಂಪ್ ಎನ್‌ಇ5532.

ಆಂಪ್ಲಿಫೈಯರಿಗೆ ಎಲ್‌ಎಂ3886 ಐಸಿ, 18-0-18 ವೋಲ್ಟಿನ ಟ್ರಾನ್ಸ್‌ಫಾರ್ಮರ್. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಡೇಟಾಶೀಟ್ ನೋಡಿ ಮಾಡಿದರೆ ಕೆಲಸ ಮಾಡುತ್ತದೆ. ಲೋಹದ ಬೆನ್ನಿನ ಐಸಿಯಾದರೆ ಆ ಬೆನ್ನಿನಲ್ಲಿ ಮೈನಸ್ ಸಪ್ಲೈ ಇರುತ್ತದೆ, ಹೀಟ್‌ಸಿಂಕಿಗೂ ಅದಕ್ಕೂ ನಡುವೆ ಮೈಕಾ ಹಾಳೆ ಮರೆಯಬೇಡಿ.

ಮೊದಲ ಸಲ ಪವರ್ ಕೊಡುವಾಗ 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿದ್ದೆ. ಎಲ್ಲ ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಬ್ಬಾಗಬೇಕು. ನನ್ನದು ಬೆಳಗಿದ್ದು ಬೆಳಗಿದ ಹಾಗೇ ಉಳಿಯಿತು! ಆಪ್-ಆಂಪ್‌ಗೆ ಪ್ಲಸ್ 15 ವೋಲ್ಟ್ ಕೊಡುವ ರೆಗ್ಯುಲೇಟರ್ 7815 ಜೋಡಿಸಿದ ಹಾಗೇ ಮೈನಸ್ 15 ಕೊಡುವ 7915ನ್ನೂ ಜೋಡಿಸಿದ್ದೆ. ನೋಡಲು ಅವಳಿ-ಜವಳಿ, ಕಾಲಿನ ಕ್ರಮ ಮಾತ್ರ ಬೇರೆ: 7815ರ ಮೊದಲ ಕಾಲು ಇನ್‌ಪುಟ್, 7915ರದ್ದು ಗ್ರೌಂಡ್. ಬಲ್ಬು ಇಲ್ಲದಿದ್ದರೆ ಅವತ್ತು ಏನೇನು ಸುಡುತ್ತಿತ್ತೋ.

ಎರಡನೇ ಪೆಟ್ಟನ್ನು ಬಲ್ಬೂ ತಡೆಯಲಿಲ್ಲ. ಆಷಾಢದ ಒಂದು ಸಂಜೆ ಕರೆಂಟ್ ಹೋಗಿ, ಇನ್ವರ್ಟರಿನ ಮಂದ ಬೆಳಕಿನಲ್ಲಿ ವೂಫರಿನ ವಯರ್ ಟ್ವೀಟರಿಗೆ ಕೊಟ್ಟುಬಿಟ್ಟೆ. ಚಂಡೆಯ ಮೊದಲ ಪೆಟ್ಟಿಗೇ ಟ್ವೀಟರ್ ಮೌನ. ಆಕ್ಟಿವ್‌ನ ಅಪಾಯವೇ ಇದು, ಟ್ವೀಟರಿಗೂ ಆಂಪ್ಲಿಫೈಯರಿಗೂ ನಡುವೆ ಕಾಯುವವರು ಯಾರೂ ಇಲ್ಲ. ಆಮೇಲೆ ನಾಲ್ಕು ಪಿನ್ನಿನ ಸ್ಪೀಕಾನ್ ಕನೆಕ್ಟರ್ ಹಾಕಿದೆ. ಒಂದೇ ಕೇಬಲ್, ಅದಲುಬದಲಾಗುವ ಮಾತಿಲ್ಲ. ಟ್ವೀಟರಿನ ಸೀರೀಸ್‌ನಲ್ಲಿ 47 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಕೂಡ ಬಂತು. ಆನ್ ಮಾಡುವಾಗಿನ 'ಧಪ್' ಮತ್ತು ಡಿಸಿಗೆ ಅದು ಅಡ್ಡ ನಿಲ್ಲುತ್ತದೆ. ಅದರ ಕೆಲಸ 420 ಹರ್ಟ್ಸ್‌ನ ಆಸುಪಾಸಿನಲ್ಲಿ, ಹಾಗಾಗಿ 2,400ರ ಲೆಕ್ಕಕ್ಕೆ ದೊಡ್ಡ ತೊಂದರೆಯಿಲ್ಲ.

ಇಷ್ಟಾದರೂ ತೂತು ಪೂರ್ತಿ ಮುಚ್ಚಿರಲಿಲ್ಲ. ಅದನ್ನು ಹಿಡಿಯಲು ಒಂದು ಉಪಾಯ ಇದೆ. ಬೇಕೆಂದೇ ಟ್ವೀಟರಿನ ಪ್ಲಸ್-ಮೈನಸ್ ಉಲ್ಟಾ ಕೊಟ್ಟು, ಮೊಬೈಲಿನ ಟೋನ್ ಜನರೇಟರಿನಿಂದ 2,400 ಹರ್ಟ್ಸ್ ನುಡಿಸಬೇಕು. ಎರಡೂ ಒಂದೇ ಫೇಸ್‌ನಲ್ಲಿದ್ದರೆ ಈಗ ಒಂದನ್ನೊಂದು ಕಳೆದುಕೊಂಡು ದನಿ ಮುಳುಗಬೇಕು. ನನ್ನದು ಸ್ವಲ್ಪ ತಗ್ಗಿತು, ಮುಳುಗಲಿಲ್ಲ. ಕಾರಣ ಸರ್ಕ್ಯೂಟಿನಲ್ಲಿರಲಿಲ್ಲ. ವೂಫರಿನ ಕೋನ್ ಒಳಗೆ ಇಳಿದಿರುತ್ತದೆ, ಟ್ವೀಟರ್ ಮುಂದೆ ಕೂತಿರುತ್ತದೆ. 2,400 ಹರ್ಟ್ಸ್‌ನ ಅಲೆಯ ಉದ್ದವೇ ಸುಮಾರು 14 ಸೆಂಟಿಮೀಟರ್, ಅದರಲ್ಲಿ ಎರಡು-ಮೂರು ಸೆಂಟಿಮೀಟರ್ ಹಿಂದೆಮುಂದಾದರೆ ಫೇಸ್ ದಾರಿ ತಪ್ಪಿತು. ಪೆಟ್ಟಿಗೆಯ ಮುಂದಿನ ಅಂಚಿನಡಿ ಅಡಿಕೆ ದಬ್ಬೆಯ ಚೂರು ಇಟ್ಟು ಹಿಂದಕ್ಕೆ ವಾಲಿಸುತ್ತ ಹೋದೆ, ಟ್ವೀಟರ್ ಹಿಂದೆ ಸರಿಯಿತು. ಮೂರನೇ ಚೂರಿಗೆ ದನಿ ಬಾವಿಗೆ ಬಿದ್ದ ಹಾಗೆ ಇಳಿಯಿತು. ವಯರ್ ಸರಿ ಮಾಡಿ ಪದ್ಯ ಹಾಕಿದರೆ ಭಾಗವತರು ಒಬ್ಬರೇ.

ದಬ್ಬೆ ಇನ್ನೂ ಅಲ್ಲೇ ಇದೆ. ಆಯಿ ಗುಡಿಸುವಾಗ ಎರಡು ಸಲ ಎತ್ತಿ ಒಲೆಗೆ ಹಾಕಿದ್ದಾಳೆ.

ಅಪ್ಪಯ್ಯ ಜಗುಲಿಯಲ್ಲಿ ಕೂತು ಒಂದು ಇಡೀ ಪ್ರಸಂಗ ಕೇಳಿದ. ಮುಗಿದ ಮೇಲೆ ಕವಳದ ತಟ್ಟೆ ಎಳೆದುಕೊಂಡು, "ತಮಾ, ಮದ್ದಳೆ ಶ್ರುತಿ ಸ್ವಲ್ಪ ಸರಿ ಇಲ್ಲೆ" ಅಂದ. ಹಳೇ ಪೆಟ್ಟಿಗೆಯಲ್ಲಿ ಇಷ್ಟು ವರ್ಷ ಅದೇ ಕ್ಯಾಸೆಟ್ಟನ್ನೇ ಕೇಳಿದ್ದ.