ಕಾರ್ ಕಂಪನಿ ಪ್ಲಾಟ್‌ಫಾರ್ಮ್ ಮಾಡೋಕೆ ಹೊರಟ್ರೆ ಮೊದ್ಲು ಏನ್ ನೋಡ್ಬೇಕು

ಮೀಟಿಂಗಲ್ಲಿ ಯಾರೋ "ನಾವೂ ಪ್ಲಾಟ್‌ಫಾರ್ಮ್ ಆಗ್ಬೇಕು" ಅಂತ ಸ್ಲೈಡ್ ಹಾಕಿದ್ರು ಅಂತ ತಕ್ಷಣ ಆ್ಯಪ್ ಡಿಸೈನ್‌ಗೆ ಕೂತ್ಕೋಬೇಡಿ. ಪ್ಲಾಟ್‌ಫಾರ್ಮ್ ಅಂದ್ರೆ ಸರ್ವೀಸ್ ಕೊಡೋರ್ನೂ ತಗೊಳ್ಳೋರ್ನೂ ಸೇರ್ಸೋ ಜಾಗ. ಅದಕ್ಕೆ ಮೊದ್ಲು ಒಂದೇ ಪ್ರಶ್ನೆ ಕೇಳಿ, ಇದ್ರಲ್ಲಿ ಓಡೋ ಗಾಡಿ ಯಾರ್ದು? ಎಲ್ಲಾ ನಮ್ದೇ ಅಂದ್ರೆ ಅದು ಬಾಡಿಗೆ ಗಾಡಿ ಬಿಸಿನೆಸ್ಸೇ, ಬುಕ್ ಮಾಡೋಕೆ ಆ್ಯಪ್ ಇದೆ ಅಷ್ಟೇ.

ಮರ್ಸಿಡಿಸ್ ಕಾರು ಮಾಡೋ ಡೈಮ್ಲರ್‌ನವ್ರು ಇದನ್ನ ಕಲಿತಿದ್ದು ದುಬಾರಿ ಬಿತ್ತು. 2008ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಕಾರ್‌ಟುಗೋ ಅನ್ನೋ ಬಾಡಿಗೆ ಕಾರ್ ಸರ್ವೀಸ್ ಶುರು ಮಾಡಿದ್ರು, ಪುಟಾಣಿ ಸ್ಮಾರ್ಟ್ ಕಾರು, ರೋಡಲ್ಲಿ ಖಾಲಿ ನಿಂತಿದ್ದನ್ನ ತಗೊಂಡು ಓಡ್ಸು, ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡು, ಏರಿಯಾ ಒಳಗೆ ಎಲ್ಲಾದ್ರೂ ನಿಲ್ಸಿ ಹೋಗು. ಐಡಿಯಾ ಸೂಪರ್, ಆದ್ರೆ ಕಾರು, ಇನ್ಶೂರೆನ್ಸ್, ಪಾರ್ಕಿಂಗ್, ಕ್ಲೀನಿಂಗ್ ಎಲ್ಲಾ ಕಂಪನಿ ತಲೆ ಮೇಲೆ, ಹೊಸ ಊರಿಗೆ ಹೋದ್ರೆ ಮತ್ತೆ ನೂರಾರು ಕಾರು ಇಳಿಸ್ಬೇಕು. 2019ರಲ್ಲಿ ಬಿಎಂಡಬ್ಲ್ಯು ಜೊತೆ ಸೇರಿ ಅದನ್ನ ಶೇರ್ ನೌ ಮಾಡಿದ್ರು, ಮರುವರ್ಷವೇ ಅಮೆರಿಕ ಬಿಟ್ಟು ಬಂದ್ರು, 2022ರಲ್ಲಿ ಸ್ಟೆಲಾಂಟಿಸ್ ಅನ್ನೋ ಇನ್ನೊಂದು ಕಾರ್ ಕಂಪನಿಗೆ ಕೊಟ್ಟು ಕೈ ತೊಳ್ಕೊಂಡ್ರು.

ಅದೇ ಡೈಮ್ಲರ್ 2014ರಲ್ಲಿ ಮೈಟ್ಯಾಕ್ಸಿ ಅನ್ನೋ ಟ್ಯಾಕ್ಸಿ ಬುಕಿಂಗ್ ಆ್ಯಪ್ ಕೊಂಡಿತ್ತು. ಅಲ್ಲಿ ಟ್ಯಾಕ್ಸಿ ಡ್ರೈವರ್‌ದು, ಡೀಸೆಲ್ ಡ್ರೈವರ್‌ದು, ಕಂಪನಿಗೆ ಕಮಿಷನ್. ಮುಂದೆ ಅದು ಫ್ರೀ ನೌ ಆಯ್ತು, 2025ರಲ್ಲಿ ಲಿಫ್ಟ್ (Lyft) ಅನ್ನೋ ಅಮೆರಿಕದ ಟ್ಯಾಕ್ಸಿ ಆ್ಯಪ್ ಕಂಪನಿಗೆ ಮಾರಿದ್ರು. ಕೊನೆಗೆ ಇದನ್ನೂ ಇಟ್ಕೊಳ್ಳಲಿಲ್ಲ ನಿಜ, ಆದ್ರೆ ಒಂದೊಂದು ಊರಿಗೂ ಕಾರು ಕೊಂಡು ನಿಲ್ಸೋ ತಲೆನೋವಂತೂ ಇರ್ಲಿಲ್ಲ.

ಎರಡ್ನೇದು, ಎದುರಾಳಿನ ಒಳಗೆ ಬಿಡಿ. ಇಲ್ಲೇ ಎಲ್ರಿಗೂ ಹೊಟ್ಟೆ ಉರಿ. 2015ರಲ್ಲಿ ಆಡಿ, ಬಿಎಂಡಬ್ಲ್ಯು, ಡೈಮ್ಲರ್ ಸೇರಿ ನೋಕಿಯಾದಿಂದ ಹಿಯರ್ (HERE) ಅನ್ನೋ ಡಿಜಿಟಲ್ ಮ್ಯಾಪ್ ಬಿಸಿನೆಸ್‌ನ ಸುಮಾರು 280 ಕೋಟಿ ಯೂರೋಗೆ ಕೊಂಡ್ರು, ಆದ್ರೆ ಮ್ಯಾಪ್ ನಮಗ್ ಮಾತ್ರ ಅನ್ನಲಿಲ್ಲ, ಬೇರೆ ಕಂಪನಿಗಳಿಗೂ ಮಾರ್ತಾ ಹೋದ್ರು. ನಮ್ಮಲ್ಲಿ ಮಹೀಂದ್ರಾ ಫಸ್ಟ್ ಚಾಯ್ಸ್ ಕೂಡ ಹಾಗೇ, ಹೆಸರು ಮಹೀಂದ್ರಾದ್ದು, ಒಳಗೆ ಹೋದ್ರೆ ಸೆಕೆಂಡ್ ಹ್ಯಾಂಡ್ ಮಾರುತಿನೂ ಇರ್ತಿತ್ತು ಹುಂಡೈನೂ ಇರ್ತಿತ್ತು.

ಡ್ರೈವರ್ ನಮ್ಮ ಆ್ಯಪ್‌ಗೇ ಅಂಟ್ಕೊಂಡಿರ್ತಾನೆ ಅಂತ ಎಕ್ಸೆಲ್ಲಲ್ಲಿ ಹಾಕ್ಬೇಡಿ. ಬೆಂಗಳೂರಲ್ಲಿ ಯಾವ್ದಾದ್ರೂ ಆಟೋ ಹತ್ತಿ ನೋಡಿ, ಹ್ಯಾಂಡಲ್ ಹತ್ರ ಎರಡು ಫೋನು, ಯಾವ್ದು ಮೊದ್ಲು ಟಿಣ್ ಅನ್ನುತ್ತೋ ಅದ್ರ ಕಡೆ ಬೆರಳು. ಕಮಿಷನ್ ಒಂಚೂರು ಏರಿಸಿದ್ರೆ ನಿಮ್ ಫೋನ್ ಸೀಟ್ ಕೆಳಗೆ.

ಆಮೇಲೆ ಲಾಗಿನ್. ಒಬ್ಬ ಕಸ್ಟಮರ್, ಒಂದೇ ಐಡಿ, ಶೋರೂಮು ಸರ್ವೀಸು ಆ್ಯಪು ಮೂರಕ್ಕೂ. ಹೋದ್ ತಿಂಗ್ಳು ನನ್ ಗಾಡಿ ಸರ್ವೀಸ್‌ಗೆ ಬಿಟ್ಟಿದ್ದೆ, ಆ್ಯಪ್ "ನಿಮ್ಮ ವಾಹನ ಸಿದ್ಧ" ಅಂತು, ಹೋದ್ರೆ ಗಾಡಿ ಇನ್ನೂ ಲಿಫ್ಟ್ ಮೇಲೆ, ಚಕ್ರನೇ ಇಲ್ಲ. ಅಡ್ವೈಸರ್ ಪಾಪ "ಸಾರ್, ಆ ಆ್ಯಪ್ ಕಂಪನಿದು, ನಮ್ ಸಿಸ್ಟಮ್ ಬೇರೆ" ಅಂತ ಜಾಬ್ ಕಾರ್ಡ್ ತೋರಿಸ್ದ. ಡೀಲರ್‌ಗೆ ಆನ್‌ಲೈನ್ ಬುಕಿಂಗಲ್ಲಿ ಪಾಲು ಕೊಡ್ದೇ ಇದ್ರೆ ಅವ್ನು ಡೇಟಾ ಯಾಕ್ರೀ ಕೊಡ್ತಾನೆ, ಪಾಲು ಎಷ್ಟು ಅನ್ನೋದನ್ನ ಆ್ಯಪ್ ಬಿಡೋ ಮೊದ್ಲೇ ಬರ್ದು ಕೊಡಿ.

ತಿಂಗ್ಳ ಸಬ್‌ಸ್ಕ್ರಿಪ್ಷನ್ ಇಡೋದಾದ್ರೆ ತಿಂಗ್ಳು ತಿಂಗ್ಳೂ ಏನಾದ್ರೂ ಕೊಡೋದಕ್ಕೆ ಇಡಿ, ಮ್ಯಾಪ್ ಅಪ್‌ಡೇಟ್, ಚಾರ್ಜಿಂಗ್, ಅಂಥದ್ದು. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶದಲ್ಲಿ ಸೀಟ್ ಬಿಸಿ ಮಾಡೋಕೆ ತಿಂಗ್ಳ ದುಡ್ಡು ಕೇಳ್ತು, ಹೀಟರ್ ಆಗ್ಲೇ ಸೀಟೊಳಗೆ ಕೂತಿದೆ, ಜನ ಉಗಿದ್ರು, 2023ರಲ್ಲಿ ವಾಪಸ್ ತಗೊಂಡ್ರು.