ಹಪ್ಪಳದ ಡಬ್ಬಿಯಲ್ಲಿ ದುರ್ಬೀನು

ದುರ್ಬೀನನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು ದೊಡ್ಡ ಗಾಜಿನ ಕಡೆಯಿಂದ ಇಣುಕಿದಾಗ ಒಳಗೆ ಜೇಡನ ಬಲೆಯಂಥದ್ದೇನೋ ಕಂಡಿತು. ಒರೆಸಿದೆ, ಹೋಗಲಿಲ್ಲ. ಮತ್ತೆ ಒರೆಸಿದೆ. ಬಲೆ ಇದ್ದದ್ದು ಗಾಜಿನ ಒಳಮೈಯಲ್ಲಿ. ಅದು ಜೇಡನದ್ದಲ್ಲ, ಬೂಷ್ಟಿನದ್ದು. ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನಗೆ ಬೂಷ್ಟು ಹೊಸದಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು, ಗೋಡೆಯ ಮೇಲಿನ ಅಜ್ಜನ ಫೋಟೋ, ಯಾವುದನ್ನೂ ಅದು ಬಿಡುವುದಿಲ್ಲ. ಆದರೆ ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣವಾದರೂ ಇದೆ; ಲೆನ್ಸಿನ ಒಳಗೆ ಏನನ್ನು ಸಿಂಪಡಿಸುವುದು?

ಅದು ನನ್ನ ಎರಡನೆಯ ದುರ್ಬೀನು. ಮೊದಲನೆಯದರ ಕತೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಜಾತ್ರೆಯೊಂದರಲ್ಲಿ ಬಳೆ ಅಂಗಡಿಗೂ ಬೆಂಡು ಬತ್ತಾಸಿನ ಅಂಗಡಿಗೂ ನಡುವೆ ಮಾರಾಟಕ್ಕಿದ್ದ ಮಾಲು ಅದು. ಮೈಮೇಲೆ 60×60 ಎಂಬ ಅಚ್ಚು, ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಗಾಜು, ಬೆಲೆ ಒಂಬೈನೂರು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು, ಎರಡನೆಯ ಅಂಕಿ ಮುಂದಿನ ಗಾಜಿನ ವ್ಯಾಸ ಎಷ್ಟು ಮಿಲಿಮೀಟರು ಎಂಬುದನ್ನು ಹೇಳುತ್ತದೆಂದು ನನಗೆ ತಿಳಿದದ್ದು ಆಮೇಲೆ. ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲು ಇಟ್ಟು ಅಳೆದೆ: ಮೂವತ್ತೈದು. ಅಳೆಯಬಹುದಾದ ಅಂಕಿಯಲ್ಲೇ ಸುಳ್ಳು ಹೇಳಿದವನು ಅಳೆಯಲಾಗದ್ದರಲ್ಲಿ ನಿಜ ಹೇಳಿರುತ್ತಾನೆಯೇ? ಕೆಂಪು ಲೇಪನವಂತೂ ಕೆಂಪು ಬೆಳಕನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸುತ್ತಿತ್ತು. ಮಂಡಗದ್ದೆಯ ಬೆಳ್ಳಕ್ಕಿಗಳು ಅದರಲ್ಲಿ ಪಾಚಿ ಹಿಡಿದಂತೆ ಕಂಡವು.

ಮಂಡಗದ್ದೆ ನಮ್ಮ ದಾರಿಯಲ್ಲೇ ಇದೆ. ಶಿವಮೊಗ್ಗಕ್ಕೆ ಹೋಗುವಾಗ ತುಂಗೆಯ ನಡುವಿನ ಆ ದ್ವೀಪದ ಎದುರು ಬೈಕು ನಿಲ್ಲಿಸುವುದು ನನ್ನ ರೂಢಿ. ಮಳೆಗಾಲದಲ್ಲಿ ಮರಗಳ ತುಂಬ ಗೂಡು: ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಹೊಳೆ ಏರಿ ಮರಗಳ ಬುಡ ಮುಳುಗಿದಾಗ ಗೂಡುಗಳು ನೀರಿನ ಮೇಲೆಯೇ ಕೂತಂತೆ ಕಾಣುತ್ತವೆ. ಯಾವ ದುರ್ಬೀನು ಕೈಗೆ ಬಂದರೂ ನಾನು ಅದನ್ನು ಪರೀಕ್ಷಿಸುವುದು ಇಲ್ಲಿ, ಅದೂ ಬೆಳ್ಳಕ್ಕಿಯ ಬಾಯಿಯ ಮೇಲೆ. ದೊಡ್ಡ ಬೆಳ್ಳಕ್ಕಿ ಯಾವುದು, ಮಧ್ಯಮ ಬೆಳ್ಳಕ್ಕಿ ಯಾವುದು ಎಂದು ಒಂಟಿಯಾಗಿ ಕೂತ ಹಕ್ಕಿಯನ್ನು ನೋಡಿ ಹೇಳುವುದು ಸುಲಭವಲ್ಲ. ಗುರುತು ಇರುವುದು ಬಾಯಿಯ ಸೀಳಿನಲ್ಲಿ. ಕೊಕ್ಕಿನ ಬುಡದಿಂದ ಹಿಂದಕ್ಕೆ ಸಾಗುವ ಆ ಸಣ್ಣ ಗೆರೆ ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೊಡ್ಡದರಲ್ಲಿ ಕಣ್ಣನ್ನು ದಾಟಿ ಹೋಗುತ್ತದೆ. ಕೂದಲೆಳೆಯಂಥ ಈ ಗೆರೆ ಎಲ್ಲಿ ಮುಗಿಯಿತೆಂದು ಕಂಡರೆ ದುರ್ಬೀನು ಪಾಸು.

ಎರಡನೆಯದು ಪಾಸಾಗಿತ್ತು. ಸ್ನೇಹಿತರೊಬ್ಬರಿಂದ ಮೂರೂವರೆ ಸಾವಿರಕ್ಕೆ ಕೊಂಡ ಹಳೆಯ 8×40, ಭುಜ ಅಗಲವಾದ ಪೊರ್ರೊ ಮಾದರಿ. ಅದರಲ್ಲಿ ಮೊದಲ ಸಲ ಆ ಗೆರೆಯನ್ನು ಕಂಡ ದಿನ ಶಿವಮೊಗ್ಗದ ಕೆಲಸವನ್ನೇ ಮರೆತಿದ್ದೆ. ಎರಡು ಮಳೆಗಾಲ ಬಾಳಿತು. ಬಿಚ್ಚಿ ತೊಳೆಸಲು ಬೆಂಗಳೂರಿನಲ್ಲಿ ವಿಚಾರಿಸಿದರೆ, ಕೊಂಡದ್ದಕ್ಕಿಂತ ಹೆಚ್ಚಿನ ಹಣ ಕೇಳಿದರು. ತೊಳೆದರೂ ಬೂಷ್ಟು ತಿಂದ ಲೇಪನ ಮರಳಿ ಬರುವುದಿಲ್ಲ.

ಏಕೆ ಹೀಗಾಯಿತು ಎಂದು ಕೆದಕಿದಾಗ ನಾನು ಇಷ್ಟು ದಿನ ‘ಚಿತ್ರ ಯಾವುದರಲ್ಲಿ ಚೆನ್ನ’ ಎಂಬ ತಪ್ಪು ಪ್ರಶ್ನೆ ಕೇಳುತ್ತಿದ್ದೆ ಎನ್ನುವುದು ಅರ್ಥವಾಯಿತು. ಅದೇ ದುಡ್ಡಿಗೆ ಪೊರ್ರೊ ಮಾದರಿಯಲ್ಲಿ ಚಿತ್ರ ಚೆನ್ನಾಗಿರುತ್ತದೆ, ಅನುಮಾನವೇ ಇಲ್ಲ. ಪ್ರಿಸಂ ಎಂದರೆ ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಒಳಗಿನ ಗಾಜಿನ ತುಂಡು; ನೇರ ಕೊಳವೆಯ ರೂಫ್ ಪ್ರಿಸಂ ಮಾದರಿಗೆ ಒಳಗಿನ ಲೇಪನಗಳಿಗೇ ಹೆಚ್ಚು ಖರ್ಚು ಬೀಳುತ್ತದೆ. ಆದರೆ ಸಾಮಾನ್ಯ ಪೊರ್ರೊದಲ್ಲಿ ಫೋಕಸ್ ಚಕ್ರ ತಿರುಗಿಸಿದಾಗ ಕಣ್ಣಿನ ಕಡೆಯ ಗಾಜುಗಳು ಹೊರಕ್ಕೂ ಒಳಕ್ಕೂ ಚಲಿಸುತ್ತವೆ. ಕಮ್ಮಾರನ ತಿದಿಯ ಹಾಗೆ. ಒಂದೊಂದು ಸಲ ತಿರುಗಿಸಿದಾಗಲೂ ಅದು ಮಲೆನಾಡಿನ ಒದ್ದೆ ಗಾಳಿಯನ್ನು ಒಂದೊಂದು ಗುಟುಕು ಒಳಕ್ಕೆ ಎಳೆದುಕೊಳ್ಳುತ್ತದೆ. ರೂಫ್ ಮಾದರಿಯಲ್ಲಿ ಫೋಕಸ್ ಮಾಡುವ ಗಾಜು ಕೊಳವೆಯ ಒಳಗೇ ಸರಿಯುವುದರಿಂದ ರಬ್ಬರ್ ಉಂಗುರ ಹಾಕಿ ಮುಚ್ಚಿ, ಒಳಗೆ ಒಣ ನೈಟ್ರೋಜನ್ ತುಂಬುವುದು ಸುಲಭ. ತೇವವಿಲ್ಲದಿದ್ದರೆ ಬೂಷ್ಟಿಗೆ ನೆಲೆಯಿಲ್ಲ. ಬೆಚ್ಚಗಿನ ಮನೆಯಿಂದ ಹೊರಗಿನ ಚಳಿಗೆ ಹೋದಾಗ ಒಳಗಾಜಿನಲ್ಲಿ ಮಂಜು ಕಟ್ಟುವ ಕಾಟವೂ ಇಲ್ಲ. ಚಿತ್ರದುರ್ಗದ ನೆಂಟರು ಕೇಳಿದರೆ ಈಗಲೂ ಪೊರ್ರೊ ಕೊಳ್ಳಿ ಎಂದೇ ಹೇಳುತ್ತೇನೆ. ಆಗುಂಬೆ ಕಡೆಯವರು ಮಾತ್ರ ಚಿತ್ರದಲ್ಲಿ ಒಂದಾಣೆ ಕಳೆದುಕೊಂಡರೂ ಮುಚ್ಚಿದ ರೂಫ್ ಮಾದರಿಯನ್ನೇ ಕೊಳ್ಳಬೇಕು. ಪೆಟ್ಟಿಗೆಯ ಮೇಲೆ ‘ವಾಟರ್‌ಪ್ರೂಫ್’ ಎಂದೇ ಇರಬೇಕು, ‘ವಾಟರ್ ರೆಸಿಸ್ಟೆಂಟ್’ ಎಂದರೆ ತುಂತುರಿಗೆ ಮಾತ್ರ. ನಮ್ಮಲ್ಲಿ ತುಂತುರು ಎಂಬುದು ಜೂನ್ ಮೊದಲ ವಾರದಲ್ಲೇ ಮುಗಿದುಹೋಗುತ್ತದೆ.

ಎಷ್ಟು ಪಟ್ಟು ಎಂಬ ಪ್ರಶ್ನೆಯನ್ನು ತೋಟದಲ್ಲೇ ತೀರ್ಮಾನಿಸಿದೆ. ಅಕ್ಟೋಬರಿನಲ್ಲಿ ಆನ್‌ಲೈನ್ ಮಳಿಗೆಯ ಹಬ್ಬದ ರಿಯಾಯಿತಿಯಲ್ಲಿ ಒಂದು 8×42 ತರಿಸಿದ್ದೆ. ಹಿಂದಿರುಗಿಸಲು ಏಳು ದಿನಗಳ ಅವಕಾಶವಿತ್ತು. ಜೊತೆಗೆ ಗೆಳೆಯರಿಂದ ಒಂದು ಕಿಸೆಗಾತ್ರದ 10×25, ಒಂದು 10×42 ಎರವಲು ತಂದೆ. ಕೊಟ್ಟಿಗೆಯ ಗೋಡೆಗೆ ಒಂದು ಗೊಬ್ಬರದ ಚೀಲ ಒರಗಿಸಿ, ಅಂಗಳದಾಚೆಯ ಧರೆಯ ಮೇಲೆ ಕುಳಿತೆ. ಐದೂವರೆಗೆ ಮೂರರಲ್ಲಿಯೂ ಚೀಲದ ಸಣ್ಣ ಅಕ್ಷರ ಓದಲು ಬಂತು. ಹತ್ತು ಪಟ್ಟಿನದ್ದರಲ್ಲಿ ಅಕ್ಷರ ದೊಡ್ಡದೇ, ಆದರೆ ನನ್ನ ಕೈ ನಡುಕವೂ ಹತ್ತು ಪಟ್ಟು. ಆರು ಗಂಟೆಗೆ ಕಿಸೆಯದ್ದು ಮಸುಕಾಯಿತು. ಆರೂಕಾಲಕ್ಕೆ ಅದರಲ್ಲಿ ಚೀಲವಿದೆ, ಅಕ್ಷರವಿಲ್ಲ. 8×42ರಲ್ಲಿ ದಪ್ಪ ಅಕ್ಷರಗಳು ಇನ್ನೂ ಇದ್ದವು.

ಇದರ ಲೆಕ್ಕ ಸರಳ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿನ ಕಡೆಯ ಗಾಜಿನಲ್ಲಿ ಕಾಣುವ ಬೆಳಕಿನ ಬೊಟ್ಟಿನ ಅಗಲ ಸಿಗುತ್ತದೆ. 25ನ್ನು 10ರಿಂದ ಭಾಗಿಸಿದರೆ ಎರಡೂವರೆ ಮಿಲಿಮೀಟರು. 42ನ್ನು 8ರಿಂದ ಭಾಗಿಸಿದರೆ ಐದೂಕಾಲು. ನಡುಮಧ್ಯಾಹ್ನ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕಿರಿದಾಗಿರುವುದರಿಂದ ಆಗ ಎರಡೂ ಒಂದೇ. ಮಬ್ಬಿನಲ್ಲಿ ಪಾಪೆ ಅರಳುತ್ತದೆ, ಚಿಕ್ಕ ಬೊಟ್ಟು ಸಾಲುವುದಿಲ್ಲ. ಹಾಗೆಂದು 7×50 ಕೊಂಡು ಏಳು ಮಿಲಿಮೀಟರಿನ ಬೊಟ್ಟು ಪಡೆದರೆ ಐವತ್ತು ದಾಟಿದ ನನ್ನ ಕಣ್ಣಿಗೆ ಅದು ನಷ್ಟವೇ. ವಯಸ್ಸಾದಂತೆ ಪಾಪೆ ಅಷ್ಟು ಅರಳುವುದಿಲ್ಲ. ಅಡಿಕೆ ತೋಟದೊಳಗೆ, ಕಾನಿನೊಳಗೆ, ಮೋಡ ಕವಿದ ದಿನದಲ್ಲಿ ಹಗಲೂ ಮಬ್ಬೇ. ಬಯಲಿನವರ ಸಂಜೆ ನಮಗೆ ಮಧ್ಯಾಹ್ನ ಮೂರಕ್ಕೇ ಶುರುವಾಗುತ್ತದೆ.

10×42 ಬೆಳಕಿನಲ್ಲಿ ಅಷ್ಟೇನೂ ಹಿಂದೆ ಬೀಳಲಿಲ್ಲ. ಅದನ್ನು ಬಿಟ್ಟದ್ದು ಇನ್ನೊಂದು ಕಾರಣಕ್ಕೆ. ಸಾಮಾನ್ಯ ಎಂಟರ ದುರ್ಬೀನು ಸಾವಿರ ಮೀಟರ್ ದೂರದಲ್ಲಿ ಸುಮಾರು 125ರಿಂದ 140 ಮೀಟರ್ ಅಗಲವನ್ನು ತೋರಿಸಿದರೆ ಹತ್ತರದ್ದು 105ರ ಆಸುಪಾಸು. ಮನೆ ಹಿಂದಿನ ಬಸರಿ ಮರ ಹಣ್ಣಾದಾಗ ಮಂಗಟ್ಟೆಗಳು ಬರುತ್ತವೆ; ಅವು ದೊಡ್ಡವು, ಯಾವುದರಲ್ಲೂ ಸಿಗುತ್ತವೆ. ಎಲೆಯದೇ ಬಣ್ಣದ ಕುಟ್ರು ಹಕ್ಕಿ ಕೂಗುತ್ತಲೇ ಇರುತ್ತದೆ, ಕಾಣುವುದಿಲ್ಲ. ‘ಎರಡನೆಯ ಕವಲು, ಒಣಗಿದ ರೆಂಬೆಯ ಎಡಕ್ಕೆ’ ಎಂದು ಮಗಳು ಹೇಳಿ ಮುಗಿಸುವುದರೊಳಗೆ ಎಂಟರಲ್ಲಿ ನಾನು ಕವಲು ಮುಟ್ಟಿರುತ್ತೇನೆ. ಹತ್ತರಲ್ಲಿ ಇನ್ನೂ ಎಲೆಗಳ ನಡುವೆ ದಾರಿ ತಪ್ಪಿರುತ್ತೇನೆ. ಜಲಾಶಯಗಳ ಅಂಚಿನಲ್ಲಿ ನಿಂತು ದೂರದ ಬಾತುಗಳನ್ನು ಎಣಿಸುವವರಿಗೆ ಹತ್ತು ಪಟ್ಟು ಸರಿಯಿರಬಹುದು. ಜೂಮ್ ಇರುವುದನ್ನು ಮಾತ್ರ ಯಾರೂ ಕೊಳ್ಳಬೇಡಿ. ಕಡಿಮೆ ಬೆಲೆಯ ಜೂಮ್ ದುರ್ಬೀನಿನಲ್ಲಿ ನೋಟ ಇಕ್ಕಟ್ಟು, ಬೆಳಕು ಕಡಿಮೆ, ಎರಡು ಕೊಳವೆಗಳ ಹೊಂದಾಣಿಕೆಯೂ ಬೇಗ ತಪ್ಪುತ್ತದೆ.

ಹದಿನೈದು ಸಾವಿರದೊಳಗೆ ನನ್ನ ಷರತ್ತಿಗೆ ಒಪ್ಪಿ ಉಳಿದವು ಎರಡು: ನಿಕಾನ್ ಪ್ರೊಸ್ಟಾಫ್ ಪಿ3 ಮತ್ತು ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್, ಎರಡೂ 8×42. ಸೆಲೆಸ್ಟ್ರಾನ್ ಎರಡು ಮೀಟರಿನಷ್ಟು ಹತ್ತಿರದ್ದನ್ನೂ ಫೋಕಸ್ ಮಾಡುತ್ತದೆ, ಚಿಟ್ಟೆ ನೋಡುವವರಿಗೆ ಅದೇ ಸೂಕ್ತ. ನಾನು ಕನ್ನಡಕದವನು. ಕಣ್ಣು ಗಾಜಿನಿಂದ ದೂರವಿದ್ದರೂ ಪೂರ್ತಿ ನೋಟ ಸಿಗಬೇಕು. ಆ ಅಂತರ 15 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕನ್ನಡಕದವರಿಗೆ ಕಿಟಕಿಯ ಬದಲು ಕೀಲಿಕಂಡಿಯೇ ಗತಿ. ನಿಕಾನ್‌ನಲ್ಲಿ ಅದು 20ರ ಆಸುಪಾಸು ಇರುವುದರಿಂದ ತರಿಸಿದ್ದು ಅದನ್ನು, ಉಳಿಸಿಕೊಂಡದ್ದೂ ಅದನ್ನೇ.

ಆ ಏಳು ದಿನಗಳಲ್ಲಿ ಮಾಡಿದ ಇನ್ನೆರಡು ಪರೀಕ್ಷೆಗಳನ್ನು ಹೇಳಿಬಿಡುತ್ತೇನೆ. ತೋಳು ಚಾಚಿ ಹಿಡಿದು ಆಕಾಶದ ಕಡೆ ತಿರುಗಿಸಿ ಆ ಬೆಳಕಿನ ಬೊಟ್ಟನ್ನು ನೋಡಿದೆ: ದುಂಡಗಿದ್ದರೆ ಒಳ್ಳೆಯದು, ಅಂಚು ಕತ್ತರಿಸಿ ಚೌಕವಾದಂತಿದ್ದರೆ ಪ್ರಿಸಂ ಅಗ್ಗದ ಗಾಜಿನದ್ದು. ಆಮೇಲೆ ಎದುರು ಮನೆಯ ಮಾಡಿನ ನೆತ್ತಿಯ ಗೆರೆಗೆ ಫೋಕಸ್ ಮಾಡಿ, ದುರ್ಬೀನನ್ನು ನಿಧಾನವಾಗಿ ಕಣ್ಣಿನಿಂದ ದೂರ ಸರಿಸಿದೆ. ಎರಡು ಕೊಳವೆಗಳಲ್ಲೂ ಮಾಡಿನ ಗೆರೆ ಒಂದೇ ಮಟ್ಟದಲ್ಲಿ ಇರಬೇಕು. ಒಂದು ಮೇಲೆ ಒಂದು ಕೆಳಗೆ ಆದರೆ ಅರ್ಧ ಗಂಟೆಯಲ್ಲಿ ತಲೆನೋವು ಖಚಿತ, ಮಾತಿಲ್ಲದೆ ಹಿಂದಿರುಗಿಸಿ.

ನೆರೆಮನೆಯವರು ಎರವಲು ಒಯ್ದು ‘ಇದು ಮಸುಕು ಮಾರಾಯರೇ’ ಎಂದು ವಾಪಸು ತಂದರು. ಮಸುಕಲ್ಲ. ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿ ಮಾಡಿಕೊಂಡು, ಬಳಿಕ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರವನ್ನು ಮಾತ್ರ ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಒಮ್ಮೆ ಮಾಡಿದರೆ ಸಾಕು. ಅಂಗಳದಲ್ಲಿ ನಿಲ್ಲಿಸಿ ಮಾಡಿಸಿದೆ. ತೆಂಗಿನ ಗರಿಯ ತುದಿಯ ಕಾಜಾಣವನ್ನು ನೋಡಿದವರು ಕಾಫಿ ಆರಿದರೂ ಕೆಳಗಿಳಿಸಲಿಲ್ಲ.

ಇಷ್ಟಾದರೂ ಹೊರಮೈಯ ಗಾಜಿಗೆ ಬೂಷ್ಟು ಹಿಡಿಯಬಹುದು. ದುರ್ಬೀನಿನ ಜೊತೆ ಬರುವ ಚೀಲ ತೇವ ಕುಡಿದು ಕೂರುವುದರಿಂದ ಅದರಲ್ಲಿ ಇಡುವುದಿಲ್ಲ. ಗಾಳಿಯಾಡದ ಡಬ್ಬಿ, ಅದರೊಳಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಹಸಿರಾದರೆ ತೇವ ತುಂಬಿದೆ ಎಂದು ಲೆಕ್ಕ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಆಷಾಢದಲ್ಲಿ ವಾರಕ್ಕೊಮ್ಮೆ ಈ ಕೆಲಸ ಇದ್ದೇ ಇದೆ.

ನಮ್ಮ ಮನೆಯಲ್ಲಿ ನಿಜವಾಗಿ ಗಾಳಿಯಾಡದ ಡಬ್ಬಿ ಇದ್ದದ್ದು ಒಂದೇ, ಅಮ್ಮನ ಹಲಸಿನ ಹಪ್ಪಳದ್ದು. ಈಗ ಅದರಲ್ಲಿ ದುರ್ಬೀನು ಇದೆ, ಹಪ್ಪಳ ತಗಡಿನ ಬಿಸ್ಕತ್ತಿನ ಡಬ್ಬಿಗೆ ಹೋಗಿದೆ. ಕಳೆದ ಮಳೆಗಾಲದಲ್ಲಿ ಹಪ್ಪಳದ ಮೇಲಿನ ಸಾಲಿಗೆ ಬೂಷ್ಟು ಬಂತು. ಇನ್ನೊಂದು ಡಬ್ಬಿ ತಂದುಕೊಡುವವರೆಗೆ ಹಪ್ಪಳ ಹಚ್ಚುವುದಿಲ್ಲ ಎಂದು ಅಮ್ಮ ಹೇಳಿದ್ದಾರೆ. ಹಲಸು ಬಲಿಯುವುದರೊಳಗೆ ತರಬೇಕು.