ಕೆಲಸ ಸಿಗುವ ಮೊದಲೇ ಟೆಕ್ಸಾಸ್ ಲೈಸೆನ್ಸ್: ನನ್ನ ಅನುಭವ

"ಆಫರ್ ಲೆಟರ್ ಇಲ್ದೆ ಲೈಸೆನ್ಸ್‌ಗೆ ಅರ್ಜಿ ಹಾಕ್ತೀಯಾ? ದುಡ್ಡು ದಂಡ" ಅಂತ ನಮ್ಮ ಬಿಸಿಬಿಎ (ಸರ್ಟಿಫಿಕೇಟ್ ಪಡೆದ ವರ್ತನೆ ವಿಶ್ಲೇಷಕರು, ಹೆಚ್ಚಾಗಿ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ) ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಬರೆದುಬಿಡುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ಇದ್ದಾಗ ಈ ತಲೆನೋವು ಇರಲಿಲ್ಲ. ಅಲ್ಲಿ ರಾಜ್ಯದ ಲೈಸೆನ್ಸೇ ಇರಲಿಲ್ಲ, ಬಿಎಸಿಬಿ (ಬಿಸಿಬಿಎ ಪಟ್ಟ ಕೊಡುವ ಸಂಸ್ಥೆ) ಸರ್ಟಿಫಿಕೇಟ್ ಸಾಕಿತ್ತು. ಟೆಕ್ಸಾಸ್ ಹಾಗಲ್ಲ. 2017ರಲ್ಲಿ ಕಾನೂನು ಬಂತು, 2018ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಕಡ್ಡಾಯ. ಕೊಡುವುದು ಟಿಡಿಎಲ್‌ಆರ್. ಎಲೆಕ್ಟ್ರಿಷಿಯನ್‌ಗೂ ಕ್ಷೌರದವರಿಗೂ ಲೈಸೆನ್ಸ್ ಕೊಡುವ ಇಲಾಖೆ ಅದೇ.

ನನ್ನ ಲೆಕ್ಕ ಸರಳ. ಲೈಸೆನ್ಸ್ ನಂಬರ್ ಇಲ್ಲದೆ ಇನ್ಶೂರೆನ್ಸ್‌ನವರ ಕ್ರೆಡೆನ್ಷಿಯಲಿಂಗ್ (ದಾಖಲೆ ಪರಿಶೀಲಿಸಿ ನಮ್ಮನ್ನು ಅವರ ಪಟ್ಟಿಗೆ ಸೇರಿಸುವುದು) ಮುಂದೆ ಹೋಗಲ್ಲ. ಅದೇ ಎರಡು ಮೂರು ತಿಂಗಳು ಎಳೆಯುತ್ತದೆ. ಅಲ್ಲಿವರೆಗೆ ನನ್ನ ಹೆಸರಲ್ಲಿ 97155 (ಮಗುವಿನ ಚಿಕಿತ್ಸೆಯ ಕ್ರಮ ತಿದ್ದುವ ನಮ್ಮ ಕೆಲಸದ ಬಿಲ್ಲಿಂಗ್ ಕೋಡ್) ಬಿಲ್ ಆಗಲ್ಲ. ಬಿಲ್ ಆಗದವಳಿಗೆ ಪೂರ್ತಿ ಸಂಬಳ ಯಾರು ಕೊಡ್ತಾರೆ?

ಸಿಕ್ಕಿಬಿದ್ದದ್ದು ಮಾತ್ರ ಹೆಸರಿನಲ್ಲಿ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ಮೈಸೂರಿನ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅವನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಅಪ್ಪನೇ ಲಾಸ್ಟ್ ನೇಮ್. ಬಿಎಸಿಬಿ ಖಾತೆಯಲ್ಲಿ ಗಂಡನ ಹೆಸರು. ಒಬ್ಬಳೇ ನಾಲ್ಕು ಜನ ಆಗಿದ್ದೆ.

ಮೊದಲು ಒಂದು ಏಜೆನ್ಸಿಗೆ ನಾನೂರು ಡಾಲರ್ ಹತ್ತಿರ ಕೊಟ್ಟೆ. ಅವರು ಇದ್ದದ್ದನ್ನು ಇದ್ದ ಹಾಗೇ ಫಾರಂಗೆ ತುಂಬಿ ಕೈತೊಳೆದುಕೊಂಡರು, ಅರ್ಜಿ ಕದಲಲಿಲ್ಲ. ಆಮೇಲೆ ಎಲ್ಲ ದಾಖಲೆ ಒಟ್ಟಿಗೆ ಸೇರಿಸಿ ಉದ್ದದ ವಿವರಣೆ ಬರೆದು ಕಳಿಸಿದೆ. ಅದೂ ಕೆಲಸಕ್ಕೆ ಬರಲಿಲ್ಲ. ಹೆಚ್ಚು ಕಾಗದ ಕಂಡಷ್ಟೂ ಪ್ರಶ್ನೆ ಜಾಸ್ತಿ.

ಕೊನೆಗೆ ತಿರುವುಮುರುವು ಮಾಡಿದೆ. ಮೊದಲು ಬಿಎಸಿಬಿ ಖಾತೆಯ ಹೆಸರನ್ನು ಡ್ರೈವಿಂಗ್ ಲೈಸೆನ್ಸ್‌ನ ಹೆಸರಿಗೆ ತಂದೆ. ಅವರ ರಿಜಿಸ್ಟ್ರಿ, ಅಂದರೆ ಸರ್ಟಿಫಿಕೇಟ್ ಇರುವವರ ಪಟ್ಟಿ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಹೊಸ ಹೆಸರು ಕಾಣುವವರೆಗೆ ಸುಮ್ನೆ ಕೂತೆ. ಆಮೇಲೆ ಅದೇ ಸ್ಪೆಲ್ಲಿಂಗ್‌ನಲ್ಲಿ ಅರ್ಜಿ, ಕೇಳಿದ್ದಕ್ಕಿಂತ ಒಂದು ಹಾಳೆಯೂ ಜಾಸ್ತಿ ಇಲ್ಲ. ಡಿಗ್ರಿ ಮೌಲ್ಯಮಾಪನದವರಿಗೆ ಮಾತ್ರ ಮೈಸೂರಿನ ನೋಟರಿಯಿಂದ "ಇಬ್ಬರೂ ಒಬ್ಬರೇ" ಅಂತ ಸ್ಟಾಂಪ್ ಪೇಪರ್ ಅಫಿಡವಿಟ್ ಮಾಡಿಸಿ ತರಿಸಿದೆ. ಅಣ್ಣ ಓಡಾಡಿದ, ಐನೂರು ರೂಪಾಯಿ ಒಳಗೇ ಆಯಿತು. ಅದರ ಒಕ್ಕಣೆ ಇಲ್ಲಿ ಹಾಕಲ್ಲ. ಬೇಕಾದವರು ಟೆಕ್ಸಾಸ್‌ನ ಫ್ರಿಸ್ಕೋಗೆ ಬಂದು ಕಾಫಿ ಕೊಡಿಸಿ.

ಕಾಯುವ ಹೊತ್ತಿನಲ್ಲಿ ನನ್ನ ಮೇಲೇ ಒಂದು ಪ್ರಯೋಗ ಮಾಡಿಕೊಂಡೆ. ಒಂದು ಫಾರಂ ಮುಗಿಸಿದರೆ ಮಾತ್ರ ಸಂಜೆಯ ಫಿಲ್ಟರ್ ಕಾಫಿ. ಗ್ರಾಫ್ ಚೆನ್ನಾಗಿ ಏರಿತು. ಯಜಮಾನರು ಕರುಣೆಯಿಂದ ಕಾಫಿ ಮಾಡಿಕೊಡಲು ಶುರು ಮಾಡಿದ ದಿನ ನೆಲಕ್ಕೆ ಬಿತ್ತು.

ಕೆಲಸಕ್ಕೆ ಸೇರಿದಾಗ ಲೈಸೆನ್ಸ್ ಕೈಯಲ್ಲಿತ್ತು, ಕ್ರೆಡೆನ್ಷಿಯಲಿಂಗ್ ಅರ್ಧ ಮುಗಿದಿತ್ತು. ಜೊತೆಗೆ ಸೇರಿದವರು ತಿಂಗಳುಗಟ್ಟಲೆ ಕಾದರು. ಏಜೆನ್ಸಿ ದಂಡ ಸೇರಿ ನನ್ನ ಖರ್ಚು ಸಾವಿರ ಡಾಲರ್ ಆಸುಪಾಸು. ಮೊದಲ ತಿಂಗಳ ಸಂಬಳದಲ್ಲೇ ವಾಪಸ್ ಬಂತು.

ಈಗ ಕೊಲಂಬಸ್‌ನ ಒಂದು ಕನ್ನಡ ಕುಟುಂಬಕ್ಕೆ ವಿಡಿಯೋದಲ್ಲಿ ಪೋಷಕರ ತರಬೇತಿ ಕೊಡಬೇಕು ಅಂತಿದೆ. ಮಗು ಕೂತಿರುವ ರಾಜ್ಯದ ಲೈಸೆನ್ಸೂ ಬೇಕು. ಒಹಾಯೊದಲ್ಲಿ ಅದು ಸೈಕಾಲಜಿ ಬೋರ್ಡ್ ಕೈಯಲ್ಲಿದೆ, ಬೆರಳಚ್ಚೂ ಕೇಳುತ್ತಾರೆ. ತೆಂಗಿನಕಾಯಿ ತುರಿದು ಸವೆದ ನನ್ನ ಹೆಬ್ಬೆರಳು ಮೊದಲ ಸಲ ಮೂಡಲೇ ಇಲ್ಲ. ಹಿಂದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪಿನಲ್ಲಿ ಚೆನ್ನಾಗಿ ತೊಳೆದು ಹೋದಾಗ ಬಂತು.